ಮೊದಲು ಅಂದಾಜು ಹೇಳು

ಹೋದ ವಾರ ಗಂಗಾವತಿ ಬಸ್ ನಿಲ್ದಾಣದ ಹೊರಗೆ ಒಬ್ಬಾತ ನೆಲದ ಮೇಲೆ ತಾಡಪತ್ರಿ ಹಾಸಿ ಬಾಚಣಿಗೆ, ಟಾರ್ಚು, ಕೀಲಿಕೈ ಗೊಂಚಲು, ಮೊಬೈಲಿನ ಕವರು ಎಲ್ಲ ಹರವಿಕೊಂಡು ಕೂತಿದ್ದ. ಅವುಗಳ ನಡುವೆ ಒಂದಿಷ್ಟು ಕ್ಯಾಲ್ಕುಲೇಟರುಗಳೂ ಇದ್ದವು. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ಒಂಥರಾ ವಾಸನೆ ಇರುತ್ತದಲ್ಲ, ಸ್ವಲ್ಪ ರಬ್ಬರು, ಸ್ವಲ್ಪ ಧೂಳು... ಅದು ಮೂಗಿಗೆ ಬಡಿಯಿತು. ತವರಿಗೆ ಹೋಗುವ ಕುಷ್ಟಗಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಸುಮ್ಮನೆ ಒಂದನ್ನು ಎತ್ತಿಕೊಂಡು ಯಾವುದೋ ಗುಣಾಕಾರ ಒತ್ತಿದೆ. ಒತ್ತಿದ್ದೇ ತಡ, ನನ್ನ ಎಡಗೈ ತಾನಾಗಿ ಹೋಗಿ ಅದರ ಗಾಜನ್ನು ಮುಚ್ಚಿಬಿಟ್ಟಿತು. ಮುಚ್ಚಿದ್ದಷ್ಟೇ ಅಲ್ಲ, "ಸುಮಾರು ಆರುನೂರು" ಎಂದು ಬಾಯಿ ಬಿಟ್ಟು ಹೇಳಿಯೂಬಿಟ್ಟೆ.

ಅಂಗಡಿಯವ ಗಾಬರಿಯಾದ. "ಅಯ್ಯ, ಅಷ್ಟೆಲ್ಲಾ ಇಲ್ರೀ ಅಕ್ಕಾರ, ಕಡಿಮಿಗೇ ಕೊಡ್ತೀನಿ ತಗೊಳ್ರಿ" ಅಂದ.

ನಗು ಬಂತು. ನಗುವಿನ ಬೆನ್ನಿಗೇ ಕಣ್ಣು ತುಂಬಿತು. ನಲವತ್ತು ದಾಟಿದ ಹೆಂಗಸು ನಡುಬೀದಿಯಲ್ಲಿ ಕ್ಯಾಲ್ಕುಲೇಟರು ಹಿಡಿದು ಅಳುತ್ತ ನಿಂತರೆ ನೋಡಿದವರು ಏನಂದಾರು? ಅನ್ನಲಿ ಬಿಡಿ. ಅದನ್ನು ಅಲ್ಲಿಯೇ ಇಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಬಸ್ಸಿನ ಕಡೆ ನೋಡದೆ ಊರೊಳಗಿನ ದಾರಿ ಹಿಡಿದೆ.

ಗಾಜು ಮುಚ್ಚಿ ಅಂದಾಜು ಹೇಳುವ ಈ ಚಟವನ್ನು ನನಗೆ ಹಚ್ಚಿದವರು ನಮ್ಮ ಲೆಕ್ಕದ ಅಕ್ಕೋರು. ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಕ್ಕಳನ್ನು ಅಕ್ಕೋರು ಎಂದೇ ಕರೆಯುವುದು. ಅವರ ಹೆಸರು ನನಗೆ ಗೊತ್ತು, ಆದರೆ ಇವತ್ತಿಗೂ ಅದು ನಾಲಿಗೆಯ ಮೇಲೆ ಬರುವುದಿಲ್ಲ. ಬಂದರೆ ಏನೋ ತಪ್ಪು ಮಾಡಿದಂತಾಗುತ್ತದೆ.

ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವೆ ಇರುವ ಊರು ನಮ್ಮದು. ಅಕ್ಕೋರು ನಮ್ಮ ಹೈಸ್ಕೂಲಿಗೆ ಬಂದಾಗ ನಾನು ಒಂಬತ್ತನೇ ಇಯತ್ತೆ. ನಾನು ದಡ್ಡಿ ಎಂಬುದು ಅಷ್ಟು ಹೊತ್ತಿಗೆ ಊರಿಗೇ ಗೊತ್ತಿದ್ದ ಸಂಗತಿ. ಕನ್ನಡ ಬರುತ್ತಿತ್ತು, ಸಮಾಜ ಬರುತ್ತಿತ್ತು, ಬಾಯಂತೂ ಬೇಕಾದಷ್ಟು ಬರುತ್ತಿತ್ತು. ಮಗ್ಗಿ ಮಾತ್ರ ಬರುತ್ತಿರಲಿಲ್ಲ. ಆರರವರೆಗೆ ಹೇಗೋ ತೆವಳಿಕೊಂಡು ಹೋಗಿ ಏಳರಲ್ಲಿ ಬಿದ್ದುಬಿಡುತ್ತಿದ್ದೆ. "ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು..." ಅಲ್ಲಿಗೆ ಮುಗಿಯಿತು. ಪ್ರಾಥಮಿಕ ಶಾಲೆಯ ಮಾಸ್ತರರ ಕೈಯಲ್ಲಿ ಹುಣಸೆ ಬರಲು ಇರುತ್ತಿತ್ತು. ಅವರು ಅದನ್ನು ಎತ್ತುವ ಮೊದಲೇ ನಾನು ಅಂಗೈ ಚಾಚಿ ನಿಂತಿರುತ್ತಿದ್ದೆ, ಅಷ್ಟು ರೂಢಿಯಾಗಿತ್ತು.

ಮಗ್ಗಿ ಬಾರದಿದ್ದರೇನಾಯಿತು, ಆಕಾಶ ಕಳಚಿ ಬೀಳುತ್ತದೆಯೇ ಎಂದು ನೀವು ಕೇಳಬಹುದು. ನನ್ನ ಪಾಲಿಗೆ ಬೀಳುವುದರಲ್ಲಿತ್ತು. ನಮ್ಮ ಭಾಗದಲ್ಲಿ ಹತ್ತಿಯ ಬೀಜ ಮಾಡುವ ಹೊಲಗಳಿವೆ. ಗಂಡು ಹೂವನ್ನು ತಂದು ಹೆಣ್ಣು ಹೂವಿಗೆ ಒಂದೊಂದಾಗಿ ಮುಟ್ಟಿಸಬೇಕು. ಅದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಸಣ್ಣ ಬೆರಳು ಬೇಕು, ಬಗ್ಗುವ ಸೊಂಟ ಬೇಕು, ಎದುರು ಮಾತಾಡದ ಬಾಯಿ ಬೇಕು. ಅಂದರೆ ಹುಡುಗಿಯರು ಬೇಕು. ನಮ್ಮ ಓಣಿಯ ಹುಡುಗಿಯರು ಒಬ್ಬೊಬ್ಬರಾಗಿ ಶಾಲೆ ಬಿಟ್ಟು ಅಲ್ಲಿಗೆ ಹೋಗುತ್ತಿದ್ದರು. ಅಪ್ಪ ಕೆಟ್ಟವನಲ್ಲ, ಆದರೆ ಒಂದೇ ಮಾತಿನ ಮನುಷ್ಯ. ಒಂದು ದಿನ ರೊಟ್ಟಿ ತಿನ್ನುತ್ತ ಹೇಳಿದ: "ನೋಡವಾ, ಎಸ್ಸೆಸ್ಸೆಲ್ಸಿ ಪಾಸಾದ್ರ ಕೊಪ್ಪಳಕ್ಕ ಕಳಿಸ್ತೀನಿ, ಎಷ್ಟ ಬೇಕಾದಷ್ಟು ಓದು. ಲೆಕ್ಕದಾಗ ಡುಮ್ಕಿ ಹೊಡದ್ರ ಹೊಲಕ್ಕ ನಡಿ. ನಾ ಆಡಿದ ಮಾತು ಆಡಿದ್ದ."

ಅವ್ವ ಮರುದಿನ ಎದ್ದು, ನಾನು ಪಾಸಾದರೆ ಹುಲಿಗೆಮ್ಮನಿಗೆ ಉಡಿ ತುಂಬುತ್ತೇನೆಂದು ಬೇಡಿಕೊಂಡಳು. ನನ್ನ ಲೆಕ್ಕದ ಮೇಲೆ ಅವಳಿಗೆ ಎಷ್ಟು ನಂಬಿಕೆ ಇತ್ತೆಂದು ಇದರಲ್ಲೇ ಗೊತ್ತಾಗುತ್ತದೆ.

ಅಕ್ಕೋರು ಗಂಗಾವತಿಯವರು. ತೆಳ್ಳಗೆ, ಎತ್ತರಕ್ಕೆ, ಸೆರಗನ್ನು ತಲೆ ಮೇಲೆ ಹೊದ್ದುಕೊಳ್ಳುತ್ತಿದ್ದರು. ಅದು ಪಾಠದ ಭರದಲ್ಲಿ ಜಾರಿ ಜಾರಿ ಬೀಳುತ್ತಿತ್ತು, ಅವರು ಸುಣ್ಣದ ಕಡ್ಡಿ ಹಿಡಿದ ಕೈಯಿಂದಲೇ ಮೇಲೆಳೆದುಕೊಳ್ಳುತ್ತಿದ್ದರು. ಹಾಗಾಗಿ ಸಂಜೆಯ ಹೊತ್ತಿಗೆ ಅವರ ಹಣೆ ತುಂಬ ಬಿಳಿ ಬಿಳಿ. ನಮ್ಮೂರಲ್ಲಿ ಒಂದು ಖೋಲಿ ಹಿಡಿದಿದ್ದರು, ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತಿ ಅಪ್ಪನ ಮನೆಗೆ ಹೋಗಿಬಿಡುತ್ತಿದ್ದರು. ಅಪ್ಪ ದರ್ಜಿ. ಒಂದು ಸೋಮವಾರ ಬಣ್ಣಬಣ್ಣದ ಬಟ್ಟೆ ಚೂರುಗಳನ್ನು ಹೊಲಿದು ಮಾಡಿದ ಒಂದು ಚೀಲ ತಂದು ಮೇಜಿನ ಮೇಲೆ ಸುರಿದರು. ಒಳಗಿದ್ದದ್ದೆಲ್ಲ ಕ್ಯಾಲ್ಕುಲೇಟರು! ಗೊಬ್ಬರದ ಅಂಗಡಿ, ಅಕ್ಕಿ ಗಿರಣಿ, ಬಟ್ಟೆ ಅಂಗಡಿ, ಹೀಗೆ ಅಪ್ಪನ ಗಿರಾಕಿಗಳಲ್ಲೆಲ್ಲ ಹಳೆಯವು ಇದ್ದರೆ ಕೊಡಿ ಎಂದು ಬೇಡಿ ತಂದಿದ್ದರಂತೆ. ಒಂದಕ್ಕೆ ಐದು ಒತ್ತಿದರೆ ಗುಂಡಿ ಒಳಗೇ ಕೂತುಬಿಡುತ್ತಿತ್ತು. ಇನ್ನೊಂದರ ಮೈಯೆಲ್ಲ ಅರಿಶಿಣದ ಕಲೆ. ಹೆಚ್ಚಿನವು ಬಿಸಿಲಿನಿಂದ ನಡೆಯುವಂಥವು, ನಮ್ಮ ಕತ್ತಲೆ ಕೋಣೆಯಲ್ಲಿ ಕಣ್ಣೇ ಬಿಡುತ್ತಿರಲಿಲ್ಲ. ಅದಕ್ಕೇ ಲೆಕ್ಕದ ಪಾಠ ಅಂಗಳಕ್ಕೆ ಬಂತು. ನಮ್ಮ ಜಿಲ್ಲೆಯಲ್ಲಿ ಯಾವುದಕ್ಕೆ ಬರ ಬಂದರೂ ಬಿಸಿಲಿಗೆ ಬಂದಿಲ್ಲ ನೋಡಿ.

ಹೆಡ್‌ಮಾಸ್ತರರು ವರಾಂಡದಲ್ಲಿ ನಿಂತು ಇದನ್ನು ನೋಡಿ ತಡೆಯಲಾರದೆ ಅಂಗಳಕ್ಕೆ ಇಳಿದು ಬಂದರು.

"ಅಲ್ರೀ ಟೀಚರ್, ಇದನ್ನ ಕೈಯಾಗ ಕೊಟ್ರ ಹುಡುಗೂರು ಮಗ್ಗಿ ಮರತ ಬಿಡ್ತಾವಲ್ರಿ!"

"ಸರ್, ಮರೀಬೇಕಂದ್ರ ಮೊದಲ ಬರಬೇಕಲ್ರಿ?" ಅಂದರು ಅಕ್ಕೋರು, ತಲೆ ಕೂಡ ಎತ್ತದೆ.

ನಾವು ಕಿಸಕ್ಕನೆ ನಕ್ಕೆವು. ಹೆಡ್‌ಮಾಸ್ತರರು ನಗಲಿಲ್ಲ. ಆ ದಿನದಿಂದ ಅವರ ಕಣ್ಣು ಆ ಚೀಲದ ಮೇಲೆ ಬಿದ್ದಿತ್ತು.

ಯಂತ್ರ ಕೈಗೆ ಕೊಟ್ಟರು ಎಂದರೆ ಬೇಕಾದ ಹಾಗೆ ಒತ್ತಿ ಉತ್ತರ ಬರೆದುಕೊಳ್ಳುವುದು ಅಂದುಕೊಂಡಿದ್ದೆವು. ಎಲ್ಲಿಯ ಮಾತು! ಅವರದೊಂದು ಪದ್ಧತಿಯಿತ್ತು. ಲೆಕ್ಕ ಒತ್ತಬೇಕು, ಎಡಗೈಯಿಂದ ಗಾಜು ಮುಚ್ಚಬೇಕು, ಉತ್ತರ ಎಷ್ಟು ಬಂದೀತೆಂದು ಬಾಯಿ ಬಿಟ್ಟು ಎಲ್ಲರಿಗೂ ಕೇಳುವಂತೆ ಹೇಳಬೇಕು, ಆಮೇಲೆ ಕೈ ತೆಗೆಯಬೇಕು. ಮನಸ್ಸಿನಲ್ಲಿ ಅಂದುಕೊಂಡರೆ ನಡೆಯುತ್ತಿರಲಿಲ್ಲ. "ಮನಸ್ಸು ಭಾಳ ಕಳ್ಳ ಐತ್ರವಾ" ಅನ್ನುತ್ತಿದ್ದರು, "ಉತ್ತರ ನೋಡಿದ ಮ್ಯಾಲೆ ನಾನೂ ಅದನ್ನ ಅಂದ್ಕೊಂಡಿದ್ನಿ ಅಂತೈತಿ. ಬಾಯಿಲೆ ಹೇಳಿದ್ರ ತಪ್ಪಿಸ್ಕೊಳ್ಳಾಕ ಬರಂಗಿಲ್ಲ." ಅಂದಾಜೂ ಉತ್ತರವೂ ಹತ್ತಿರ ಬಂದರೆ ಸರಿ. ದೂರ ಬಂದರೆ ಎರಡನ್ನೂ ನಂಬಬಾರದು, ಎಲ್ಲಿ ಎಡವಿದೆವೆಂದು ಹುಡುಕಬೇಕು.

ಇದನ್ನು ಅವರು ಅಪ್ಪನ ಅಂಗಡಿಯಲ್ಲಿ ಕಲಿತದ್ದಂತೆ. "ನಮ್ಮ ಅಬ್ಬಾ ಗಿರಾಕಿ ಮೆಟ್ಲ ಹತ್ತೂದ್ರಾಗ ಅಂಗಿಗೆ ಎಷ್ಟ ಬಟ್ಟಿ ಬೇಕಂತ ಕಣ್ಣಿಲೆ ಹೇಳ್ತಾರ. ಆಮ್ಯಾಲೆ ಟೇಪ್ ಹಿಡೀತಾರ. ಕಣ್ಣೂ ಟೇಪೂ ಒಂದ ಮಾತು ಹೇಳೂತನಾ ಕತ್ತರಿ ಮುಟ್ಟಂಗಿಲ್ಲ." ಇಡೀ ಅಂಗಳ ಸಂತೆಯಂತೆ ಗದ್ದಲ. ಒಬ್ಬಳು "ಸುಮಾರು ಮುನ್ನೂರು!" ಅನ್ನುವಳು, ಇನ್ನೊಬ್ಬ "ಏ, ಅಷ್ಟೆಲ್ಲಿ? ಎರಡನೂರು!" ಅನ್ನುವನು. ದಾರಿಯಲ್ಲಿ ಹೋಗುವವರು ಹರಾಜು ನಡೆದಿದೆಯೇ ಎಂದು ನಿಂತು ನೋಡುತ್ತಿದ್ದರು. ನನಗೆ ಆ ಗದ್ದಲ ಹಿಡಿಸಿತು. ಬಾಯಿ ಮಾಡುವುದಕ್ಕೆ ಬೈಸಿಕೊಂಡವಳಿಗೆ ಬಾಯಿ ಮಾಡು ಎನ್ನುವ ಅಕ್ಕೋರು ಸಿಕ್ಕಿದ್ದರು!

ಒಂದು ದಿನ ನನ್ನ ಪಕ್ಕ ಬಂದು ನಿಂತರು. ನನ್ನ ಏಳರ ಮಗ್ಗಿಯ ಕತೆ ಅವರ ಕಿವಿಗೂ ಬಿದ್ದಿರಬೇಕು. "ಏಳು ಒತ್ತು. ಕೂಡಿಸೂದು ಒತ್ತು. ಮತ್ತ ಏಳು ಒತ್ತು. ಇನ್ನ ಬರೇ ಸಮ ಚಿಹ್ನಿ ಒತ್ತಕೋತ ಹೋಗು" ಅಂದರು. ಒತ್ತಿದೆ. ಹದಿನಾಲ್ಕು ಬಂತು. ಮತ್ತೆ ಒತ್ತಿದೆ, ಇಪ್ಪತ್ತೊಂದು. ಮತ್ತೆ, ಇಪ್ಪತ್ತೆಂಟು. ಮೂವತ್ತೈದು. ನಲವತ್ತೆರಡು... ನನ್ನ ಬೆರಳು ನಿಂತಿತು. ಈ ಸಂಖ್ಯೆಗಳ ಗುರುತು ನನಗಿತ್ತು. ಹುಣಸೆ ಬರಲಿನ ಹಿಂದೆ ನಿಂತು ನನ್ನನ್ನು ನೋಡುತ್ತಿದ್ದ ಸಂಖ್ಯೆಗಳಿವು.

"ಅಕ್ಕೋರ, ಇದು ಏಳರ ಮಗ್ಗಿ ಅಲ್ರಿ?"

"ಹೌದವಾ."

"ಅಂದ್ರ ಮಗ್ಗಿ ಅಂದ್ರ ಬರೇ ಕೂಡಸ್ಕೋತ ಹೋಗೂದೇನ್ರಿ?"

ಅವರು ನಗುತ್ತಾರೆಂದುಕೊಂಡೆ. ನಗಲಿಲ್ಲ. ಆ ಧೂಳಿನಲ್ಲೇ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, "ಇದನ್ನ ಇಲ್ಲೀತನಾ ನಿನಗ ಯಾರೂ ಹೇಳಿಲ್ಲಾ?" ಅಂದರು. ಹೇಳಿರಲಿಲ್ಲ. ಹೊಡೆದಿದ್ದರು, ಹೇಳಿರಲಿಲ್ಲ. ಅಕ್ಕೋರು ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದು, "ಎಂಟರದೂ ಒತ್ತಿ ನೋಡು" ಎಂದು ಹೋದರು. ಅವತ್ತು ಸಂಜೆ ಮನೆಗೆ ಹೋಗುವಾಗ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಮಗ್ಗಿ ಮರೆತರೂ ಹೆದರಬೇಕಾಗಿಲ್ಲ, ಇದ್ದಲ್ಲಿಂದ ಕೂಡಿಸಿಕೊಂಡು ಹೋದರೆ ಅದು ಸಿಕ್ಕೇ ಸಿಗುತ್ತದೆ. ಇಷ್ಟು ಸಣ್ಣ ಮಾತಿಗೆ ನಾನು ಎಷ್ಟು ವರ್ಷ ಅಂಗೈ ಚಾಚಿದ್ದೆ!

ಇನ್ನೊಂದು ದಿನದ ಮಜಾ ಹೇಳಲೇಬೇಕು. ಎರಡು ಕೂಡಿಸು ಮೂರು ಗುಣಿಸು ನಾಲ್ಕು, ಹೀಗೇ ಸಾಲಾಗಿ ಒತ್ತಿ ಅಂದರು. ಎಲ್ಲರ ಯಂತ್ರದಲ್ಲೂ ಇಪ್ಪತ್ತು. ಒಂದು ಯಂತ್ರ ಮಾತ್ರ ಹದಿನಾಲ್ಕು ಅಂದಿತು. ಅದು ಯಾರೋ ಡಿಪ್ಲೊಮಾ ಓದುವ ಹುಡುಗನದು, ದೊಡ್ಡದು, ಮೈತುಂಬ ಗುಂಡಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಾಯಿತು. ಅದು ಕೆಟ್ಟಿದೆ, ಬಿಸಾಕಿ ಎಂದು ಹುಡುಗರು ಕೂಗಿದರು. ಇಪ್ಪತ್ತರ ಕಡೆಗೇ ಹೆಚ್ಚು ಯಂತ್ರಗಳಿವೆ, ಅದೇ ಖರೆ ಎಂದು ಒಬ್ಬ ವಾದಿಸಿದ.

"ಲೆಕ್ಕ ಅಂದ್ರ ಎಲೆಕ್ಷನ್ ಅಲ್ಲಪಾ" ಅಂದರು ಅಕ್ಕೋರು. "ಕೇಳ್ರಿ. ಕೈಯಾಗ ಎರಡು ಮಾವಿನಹಣ್ಣು ಅದಾವ. ಮನ್ಯಾಗ ಮೂರು ಬುಟ್ಟಿ, ಬುಟ್ಟಿಗೆ ನಾಕ್ನಾಕು ಹಣ್ಣು. ಎಲ್ಲಾ ಸೇರಿ ಎಷ್ಟು?"

"ಹದಿನಾಕು!" ಅಂದೆ. ಎಲ್ಲರಿಗಿಂತ ಮೊದಲು ಅಂದದ್ದು ನಾನು. ಲೆಕ್ಕದ ತರಗತಿಯಲ್ಲಿ ನಾನು ಮೊದಲು ಉತ್ತರ ಹೇಳಿದ್ದು ಅದೇ ಪ್ರಥಮ ಸಲ. ಅಕ್ಕೋರು ನನ್ನ ಕಡೆ ತಿರುಗಿ "ಶಾಬಾಶ್" ಅಂದರು. ಆ ಶಾಬಾಶ್ ನನ್ನ ಕಿವಿಯಲ್ಲಿ ಈಗಲೂ ಇದೆ, ಯಾರಿಗೂ ಕೊಡುವುದಿಲ್ಲ. ಅಂಗಡಿಯ ಯಂತ್ರಗಳು ಕಿವಿಗೆ ಬಿದ್ದ ಕ್ರಮದಲ್ಲೇ ಮಾಡುತ್ತವೆ, ಆ ದೊಡ್ಡದು ಗುಣಾಕಾರವನ್ನು ಮೊದಲು ಮಾಡುತ್ತದೆ ಎಂದು ಆಮೇಲೆ ವಿವರಿಸಿದರು. "ಮಿಷನ್ ಸುಳ್ಳ ಹೇಳಂಗಿಲ್ಲ. ಕೇಳಿದ್ದಕ್ಕ ಹೇಳ್ತೈತಿ. ಕೇಳಾಕ ನಮಗ ಬರಬೇಕು."

ಹೀಗೆ ಹತ್ತನೇ ಇಯತ್ತೆಯ ಸಂಕ್ರಾಂತಿ ಬಂತು. ಹಬ್ಬ ಮುಗಿದ ಮರುದಿನ ಅಕ್ಕೋರು ಎಲ್ಲ ಯಂತ್ರಗಳನ್ನೂ ಕೇಳಿ ತೆಗೆದುಕೊಂಡು ಚೀಲಕ್ಕೆ ಹಾಕಿದರು. ಬೋರ್ಡ್ ಪರೀಕ್ಷೆಯ ಕೋಣೆಯೊಳಗೆ ಕ್ಯಾಲ್ಕುಲೇಟರು ಒಯ್ಯುವಂತಿಲ್ಲ, ಇನ್ನು ಮುಂದೆ ಬರೀ ತಲೆ ಮತ್ತು ಪೆನ್ನು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನದನ್ನು ಬೆನ್ನ ಹಿಂದೆ ಹಿಡಿದು, "ಕುಂಟಿ ಕೈಯಾಗಿನ ಕೋಲು ಕಸಗೊಂಡಂಗ ಆತ್ರಿ ಇದು" ಅಂದೆ.

"ನೀ ಕುಂಟಿ ಅಲ್ಲ" ಅಂದರು. "ಒತ್ತೂದೊಂದ ಬಿಡು. ಮುಚ್ಚೂದು, ಹೇಳೂದು ಹಂಗ ಇರ್ಲಿ. ಮೊದಲ ಅಂದಾಜ ಹೇಳು, ಆಮ್ಯಾಲೆ ಬರಿ. ನಿನ್ನ ಕೈಯಾಗ ಮಿಷನ್ ಇದ್ರೇನು, ಇರದಿದ್ರೇನು?"

ಹೇಳಿದ ಹಾಗೇ ಮಾಡಿದೆ. ಹಾಳೆಯ ಮೇಲೆ ಎಡಗೈ ಇಟ್ಟು, ಅಂದಾಜು ಹೇಳಿ, ಆಮೇಲೆ ಬರೆದು ಲೆಕ್ಕ ಬಿಡಿಸುವುದು. ಮನೆಯಲ್ಲಿ, ಹಿತ್ತಿಲಲ್ಲಿ, ಬಾವಿಯ ಕಟ್ಟೆಯ ಮೇಲೆ. ಅವ್ವ, "ಏನವಾ, ಒಬ್ಬಾಕಿನ ಯಾರ ಕೂಡ ಮಾತಾಡಾಕತ್ತೀ?" ಅನ್ನುತ್ತಿದ್ದಳು. ದೇವರಾಣೆ, ಆ ಎರಡು ತಿಂಗಳು ನಾನು ಲೆಕ್ಕದೊಂದಿಗೇ ಮಾತಾಡಿದೆ.

ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಅನ್ನುತ್ತಾರೆ. ನನಗೆ ಆ ಬಾಯಿಯೇ ಮುಳುವಾಯಿತು. ಗಣಿತದ ಪರೀಕ್ಷೆ ಕುಷ್ಟಗಿಯಲ್ಲಿ. ಪ್ರಶ್ನೆಪತ್ರಿಕೆ ನೋಡಿದೆ, ಎದೆ ಹೊಡೆದುಕೊಳ್ಳಲಿಲ್ಲ. ಮೊದಲ ಸಲ! ಗೊತ್ತಿರುವವು ಕಂಡವು. ಸಿಲಿಂಡರಿನದೊಂದು ಲೆಕ್ಕ ಬಂದಿತ್ತು. ಎಡಗೈ ಹಾಳೆಯ ಮೇಲೆ ಹೋಯಿತು, "ಸುಮಾರು ಒಂದೂವರಿ ಸಾವಿರ" ಅಂದೆ. ಮೆಲ್ಲಗೆ ಅಂದೆ ಅಂದುಕೊಂಡಿದ್ದೆ. ಮೆಲ್ಲಗೆ ಮಾತಾಡಿ ಯಾವಾಗ ಗೊತ್ತಿತ್ತು ನನಗೆ? ಮುಂದಿನ ಲೆಕ್ಕಕ್ಕೆ, "ಎಂಬತ್ತರ ಒಳಗ". ನಮ್ಮ ಶಾಲೆಯ ಉಳಿದವರೂ ತುಟಿಯಲ್ಲೇ ಗೊಣಗುತ್ತಿದ್ದರು, ಆದರೆ ಕೋಣೆಯ ಮೇಲ್ವಿಚಾರಕರ ಕಿವಿಗೆ ಬಿದ್ದದ್ದು ನನ್ನ ಗಂಟಲು. ಬಂದವರೇ ನನ್ನ ಉತ್ತರಪತ್ರಿಕೆ ಎಳೆದುಕೊಂಡರು.

"ಯಾರಿಗೆ ಉತ್ತರ ಹೇಳಾಕತ್ತೀ? ಏಳ ಮ್ಯಾಲೆ!"

ಯಾರಿಗೂ ಇಲ್ಲರಿ, ನನಗೇ ಹೇಳಿಕೊಳ್ಳುತ್ತಿದ್ದೇನೆ ಅಂದೆ. ತನಗೆ ತಾನೇ ಉತ್ತರ ಹೇಳಿಕೊಳ್ಳುವವರನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ, ನಂಬುವುದು ಹೇಗೆ? ವರಾಂಡದಲ್ಲಿ ನಿಲ್ಲಿಸಿದರು. ಒಳಗೆ ಎಲ್ಲರೂ ಬರೆಯುತ್ತಿದ್ದಾರೆ. ನಾನು ಹೊರಗೆ. ಮುಗಿಯಿತು ಅಂದುಕೊಂಡೆ. ಕಣ್ಣ ಮುಂದೆ ಹತ್ತಿಯ ಸಾಲುಗಳೇ ಬಂದವು. ಕಂಬ ಹಿಡಿದು ಬಿಕ್ಕಿ ಬಿಕ್ಕಿ ಅತ್ತೆ.

ಗಣಿತದ ಪರೀಕ್ಷೆಯ ದಿನ ಗಣಿತ ಕಲಿಸುವವರು ಕೇಂದ್ರದೊಳಗೆ ಕಾಲಿಡುವಂತಿಲ್ಲ. ಅಕ್ಕೋರು ಗೇಟಿನ ಆಚೆ, ರಸ್ತೆಯ ಬದಿಯ ಬೇವಿನ ಮರದ ಕೆಳಗೆ, ಮಕ್ಕಳ ತಾಯಿತಂದೆಯರ ನಡುವೆ ಕೂತಿದ್ದರಂತೆ. ನಾನು ವರಾಂಡದಲ್ಲಿ ಅಳುವುದು ಅಲ್ಲಿಂದ ಕಂಡಿದೆ. ಎದ್ದರು. ಗೇಟಿನಲ್ಲಿ ಪೊಲೀಸಪ್ಪ ಕೈ ಅಡ್ಡ ಹಿಡಿದ. ಅವರು ಆ ಕೈಯ ಕೆಳಗೆ ಬಗ್ಗಿ ಒಳಗೆ ಬಂದುಬಿಟ್ಟರು. ಸೆರಗು ಹೆಗಲಿಗೆ ಬಿದ್ದಿತ್ತು, ಚಪ್ಪಲಿ ಒಂದು ಗೇಟಿನಲ್ಲೇ ಉಳಿದಿತ್ತು. ಅಷ್ಟು ಸಾಧು ಹೆಂಗಸು ಹಾಗೆ ನಡೆದು ಬರುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಕೇಂದ್ರದ ಮುಖ್ಯಸ್ಥರು ತಮ್ಮ ಕೋಣೆಯಿಂದ ಹೊರಗೆ ಬಂದು ರೇಗಿದರು. ಅಕ್ಕೋರು ಕೈಮುಗಿದರು. "ನನ್ನ ಹುಡುಗಿ ಕಾಪಿ ಮಾಡಿಲ್ರಿ ಸರ್. ಅಂದಾಜ ಹೇಳಿ ಲೆಕ್ಕ ಮಾಡು ಅಂತ ನಾನ ಹಚ್ಚಿದ ಚಟಾ ಅದು. ಬೇಕಾದ್ರ ಆಕಿನ್ನ ಒಂದು ಲೆಕ್ಕ ಕೇಳಿ ನೋಡ್ರಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಲವತ್ತೆಂಟನ್ನ ಐವತ್ತೆರಡರಿಂದ ಗುಣಿಸಿದ್ರ?" ಅಂದರು.

ಮೂಗು ಸೋರುತ್ತಿತ್ತು. ಎಡಗೈ ತಾನಾಗಿ ಎದ್ದು ಗಾಳಿಯಲ್ಲಿ ಏನನ್ನೋ ಮುಚ್ಚಿತು. "ಎರಡೂವರಿ ಸಾವಿರದ ಹತ್ರರಿ. ಒಂದೀಟು ಕಡಿಮಿ."

ಅವರು ನನ್ನ ಎತ್ತಿದ ಕೈಯನ್ನೇ ನೋಡಿದರು. ಉತ್ತರಪತ್ರಿಕೆ ವಾಪಸು ಕೊಡಿ ಎಂದು ಮೇಲ್ವಿಚಾರಕರಿಗೆ ಹೇಳಿದರು. ಆದರೆ ನಡೆದದ್ದನ್ನು ಬರೆದು ಮೇಲಕ್ಕೆ ಕಳಿಸಲೇಬೇಕಾಗುತ್ತದೆ ಎಂದೂ ಹೇಳಿದರು. ನನ್ನ ಬಗ್ಗೆಯೂ, ಅಕ್ಕೋರ ಬಗ್ಗೆಯೂ. ನಾನು ಒಳಗೆ ಹೋಗುವಾಗ ತಿರುಗಿ ನೋಡಿದೆ. ಪೊಲೀಸಪ್ಪ ಅಕ್ಕೋರನ್ನು ಗೇಟಿನ ಕಡೆ ಕರೆದೊಯ್ಯುತ್ತಿದ್ದ. ಅವರು ತಮ್ಮ ಬಾಯಿಯ ಮೇಲೆ ಬೆರಳಿಟ್ಟು ನನಗೆ ಸನ್ನೆ ಮಾಡಿದರು, ಇನ್ನು ಬಾಯಿ ಮುಚ್ಚಿಕೊಂಡು ಬರಿ ಎಂದು. ಉಳಿದ ಹೊತ್ತೆಲ್ಲ ತುಟಿ ಕಚ್ಚಿಕೊಂಡು ಬರೆದೆ.

ಎಲ್ಲರ ಫಲಿತಾಂಶ ಬಂತು. ನನ್ನ ನಂಬರಿನ ಮುಂದೆ ಅಂಕ ಇರಲಿಲ್ಲ, ತಡೆಹಿಡಿದಿದ್ದಾರೆ ಎಂದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಅಪ್ಪ ಬಯ್ಯಲಿಲ್ಲ. "ರಿಸಲ್ಟ್ ಬರೂತನಾ ಸುಮ್ನ ಕುಂತು ಏನ್ಮಾಡ್ತಿ? ನಡಿ" ಅಂದ. ಕ್ರಾಸಿಂಗಿಗೆ ನಡೆದೆ.

ಶ್ರಾವಣದಲ್ಲಿ ಒಂದು ಬೆಳಿಗ್ಗೆ, ಸಾಲಿನ ನಡುವೆ ಬಗ್ಗಿದ್ದೆ. ಬದುವಿನ ಮೇಲೆ ಯಾರೋ ನಿಂತಂತಾಯಿತು. ಅಕ್ಕೋರು. ಎರೆಮಣ್ಣು ಮೆತ್ತಿಕೊಳ್ಳುತ್ತದೆಂದು ಚಪ್ಪಲಿ ಕೈಯಲ್ಲಿ ಹಿಡಿದಿದ್ದರು. ಅವರಿಗೆ ವರ್ಗವಾಗಿತ್ತು, ಬೀದರ ಕಡೆಯ ಯಾವುದೋ ಊರಿಗೆ. ಪರೀಕ್ಷಾ ಕೇಂದ್ರಕ್ಕೆ ನುಗ್ಗಿದ್ದಕ್ಕೆ ಕೊಟ್ಟ ಬಹುಮಾನ. ಹೋಗುವ ಮುಂಚೆ ನನ್ನನ್ನು ನೋಡಲು ಮನೆಗೆ ಹೋಗಿ, ಅವ್ವ ಹೇಳಿದ ಮೇಲೆ ಹೊಲಕ್ಕೆ ಬಂದಿದ್ದರು. ನನ್ನ ಬೆರಳುಗಳನ್ನು ಹಿಡಿದು ತಿರುಗಿಸಿ ನೋಡಿದರು. ಹೂವಿನ ಹಳದಿ ಪುಡಿ ಉಗುರಿನೊಳಗೆಲ್ಲ ಸೇರಿತ್ತು.

ಆಮೇಲೆ, "ಆ ಸಾಲಿನ್ಯಾಗ ಎಷ್ಟು ಹೂವು ಇರಬೌದು?" ಅಂದರು.

"ನಾಕನೂರ ಹತ್ರ ಇರ್ತಾವ್ರಿ" ಅಂದೆ, ಥಟ್ಟನೆ, ತಲೆ ಎತ್ತದೆ. ಅವರಿಗೆ ಸಂತೋಷವಾಗಲಿ ಎಂದೇ ಹೇಳಿದ್ದು. ತಲೆ ಎತ್ತಿ ನೋಡಿದರೆ ಅವರು ಮುಖ ಆಚೆ ತಿರುಗಿಸಿಕೊಂಡಿದ್ದರು. ಹೊಲದ ಮೇಸ್ತ್ರಿ ದೂರದಿಂದ ಕೂಗಿದ. ಅಕ್ಕೋರು ನನ್ನ ತಲೆಯ ಮೇಲೆ ಕೈಯಿಟ್ಟು, ಬದುವಿನ ಮೇಲೆ ನಡೆದು ಹೋದರು. ಕೆಸರಿನಲ್ಲಿ ಜಾರದಂತೆ ಒಂದೊಂದೇ ಹೆಜ್ಜೆ ಇಡುತ್ತ... ಅದೇ ಕೊನೆ. ಆಮೇಲೆ ನಾನು ಅವರನ್ನು ನೋಡಲಿಲ್ಲ.

ನನ್ನ ಫಲಿತಾಂಶ ದಸರೆಯ ಹೊತ್ತಿಗೆ ಬಂತು. ಪಾಸು! ಲೆಕ್ಕದಲ್ಲೂ ಪಾಸು. ಆ ವರ್ಷದ ಕಾಲೇಜು ತಪ್ಪಿತ್ತು, ಆದರೆ ಅಪ್ಪ ಆಡಿದ ಮಾತಿಗೆ ತಪ್ಪಲಿಲ್ಲ. ಮರುವರ್ಷ ತಾನೇ ಟ್ರಂಕು ಹೊತ್ತು ಕೊಪ್ಪಳಕ್ಕೆ ಬಿಟ್ಟು ಬಂದ. ಅವ್ವ ಹುಣ್ಣಿಮೆಗೆ ಹುಲಿಗಿಗೆ ಹೋಗಿ ಉಡಿ ತುಂಬಿದಳು. ಫಲಿತಾಂಶ ಬಂದ ದಿನವೇ ನಾನು ಶಾಲೆಗೆ ಓಡಿದ್ದೆ, ಅಕ್ಕೋರಿಗೆ ತಿಳಿಸಬೇಕು, ವಿಳಾಸ ಕೊಡಿ ಎಂದು. ಹೆಡ್‌ಮಾಸ್ತರರು, "ನಾ ಬರದು ತಿಳಿಸ್ತೀನಿ ಹೋಗವಾ" ಅಂದರು. ನಾನು ಕುಣಿಯುತ್ತ ಮನೆಗೆ ಬಂದೆ. ತಿಳಿಸಿದ್ದಾರೆ, ಅಕ್ಕೋರಿಗೆ ಗೊತ್ತಿದೆ, ಬೀದರದ ಯಾವುದೋ ಅಂಗಳದಲ್ಲಿ ಕೂತು ನಕ್ಕಿದ್ದಾರೆ ಎಂದು ಇಷ್ಟು ವರ್ಷ ಅಂದುಕೊಂಡೇ ಬದುಕಿದೆ.

ಈಗ ಕೊಪ್ಪಳದ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತೇನೆ. ಎಲ್ಲ ಯಂತ್ರವೇ ಹೇಳುತ್ತದೆ. ಆದರೂ ರೋಗಿಯ ಕಣ್ಣಿನ ರೆಪ್ಪೆ ನೋಡಿ, ಉಗುರು ನೋಡಿ, ರಕ್ತ ಎಷ್ಟಿದ್ದೀತೆಂದು ಬಾಯಿ ಬಿಟ್ಟು ಹೇಳಿದ ಮೇಲೇ ಅದರ ಪರದೆ ನೋಡುವುದು. ಜೊತೆಗಿರುವ ಹುಡುಗಿಯರು ನಗುತ್ತಾರೆ. ಒಮ್ಮೆ ನಗುತ್ತ ಮಾತಾಡುತ್ತ ನಡೆದು ಬಂದ ಹೆಂಗಸಿನ ಮೈಯಲ್ಲಿ ರಕ್ತವೇ ಇಲ್ಲವೆಂದು ಯಂತ್ರ ಹೇಳಿತು. ಛೇ, ಇರಲಾರದು ಎಂದು ಮತ್ತೆ ರಕ್ತ ತೆಗೆದು ಹಾಕಿದೆ. ಮೊದಲ ಸಲದ ರಕ್ತ ನಳಿಕೆಯಲ್ಲೇ ಹೆಪ್ಪುಗಟ್ಟಿತ್ತು. ಅಂಥ ಹೊತ್ತಿನಲ್ಲೆಲ್ಲ ಅಕ್ಕೋರು ನೆನಪಾಗುತ್ತಾರೆ. ಹೋಗಿ ನೋಡಿ ಬರಬೇಕು ಅನ್ನಿಸುತ್ತದೆ. ಮಕ್ಕಳು, ಡ್ಯೂಟಿ, ಅದು ಇದು... ಇವತ್ತು ಹೋದರಾಯಿತು, ನಾಳೆ ಹೋದರಾಯಿತು.

ಹೋದ ವಾರ ಹೋದೆ. ಮಸೀದಿಯ ಹಿಂದಿನ ಓಣಿ ಎಂದು ಅವರು ಹೇಳುತ್ತಿದ್ದದ್ದು ನೆನಪಿತ್ತು. ಕೇಳುತ್ತ ಕೇಳುತ್ತ ಹೋದರೆ ದರ್ಜಿ ಅಂಗಡಿ ಸಿಕ್ಕಿತು. ಮನೆಯ ಮುಂಭಾಗವೇ ಅಂಗಡಿ. ಅಪ್ಪನ ಜಾಗದಲ್ಲಿ ಅಕ್ಕೋರ ತಮ್ಮ ಕೂತಿದ್ದರು, ಅವರಿಗೂ ತಲೆ ನರೆತಿತ್ತು. ಹೀಗೆ ಹೀಗೆ, ಅಕ್ಕೋರ ಕೈಯಲ್ಲಿ ಓದಿದವಳು, ನೋಡಬೇಕಿತ್ತು ಅಂದೆ. ಅವರು ಮಿಷನ್ನಿನ ಮೇಲಿನ ಕಾಲು ತೆಗೆದರು.

"ಆಪಾ, ನಮ್ಮ ಅಕ್ಕಾ, ಹೋದ ರಂಜಾನ್ ಮುಂದ ತೀರಿಕೊಂಡ್ರು. ಬರ್ರಿ, ಕುಂದರ್ರಿ. ಯಾವ ಸಾಲಿಯವ್ರು ನೀವು?"

ಸ್ಟೂಲಿನ ಮೇಲೆ ಕೂತು ಶಾಲೆಯ, ಊರಿನ ಹೆಸರು ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಆ ಸಾಲಿಯವ್ರಾ? ಹಂಗಾದ್ರ ನಿಮಗ ಗೊತ್ತಿರಬೇಕು. ಪರೀಕ್ಷಾದಾಗ ಬಾಯಿ ಮಾಡಿ ಸಿಕ್ಕೊಂಡ ಹುಡುಗಿ ಒಬ್ಬಾಕಿ ಇದ್ದಳಂತ. ಆಪಾ ಆಕಿನ್ನ ಭಾಳ ನೆನಸ್ತಿದ್ರು. ರಿಸಲ್ಟ್ ತಡದಾರ ಅಂತ ಅಷ್ಟ ಗೊತ್ತಾಗಿತ್ತು. ಮುಂದ ಏನಾತು ಅಂತ ಹೆಡ್‌ಮಾಸ್ತರ್ಗೆ ಕಾಗದಾ ಬರದ್ರು. ಜವಾಬ ಬರ್ಲಿಲ್ಲ. ನಾ ಹಚ್ಚಿದ ಚಟದಿಂದ ಒಂದು ಹುಡುಗಿ ಸಾಲಿ ಬಿಟ್ಟು ಹೊಲಾ ಸೇರಿದ್ಳು ಅಂತಿದ್ರು. ಆಮ್ಯಾಲೆ ಯಾವ ಸಾಲ್ಯಾಗೂ ಮಕ್ಕಳ ಕೈಯಾಗ ಕ್ಯಾಲ್ಕುಲೇಟರ್ ಕೊಡ್ಲೇ ಇಲ್ಲ ನೋಡ್ರಿ."

ಹೆಡ್‌ಮಾಸ್ತರರೂ ಸತ್ತು ಬಹಳ ವರ್ಷವಾಯಿತು. ಸತ್ತವರಿಗೆ ಪಾಪ ಅನ್ನಬೇಕು, ನನಗೆ ಅನ್ನಲು ಮನಸ್ಸು ಬರಲಿಲ್ಲ. ಇವತ್ತಿಗೂ ಬರುವುದಿಲ್ಲ.

"ಆಕಿ ಪಾಸಾದಳೇನ್ರಿ?" ಎಂದು ಕೇಳಿದರು ಅವರು.

"ಆದ್ನಿರಿ" ಅಂದೆ. "ನಾನರಿ ಆಕಿ. ಪಾಸಾದ್ನಿರಿ."

ಅವರು ಎದ್ದು ನಿಂತರು. ಏನು ಮಾಡಬೇಕೆಂದು ತಿಳಿಯದೆ ಒಮ್ಮೆ ನನ್ನನ್ನು, ಒಮ್ಮೆ ಬಾಗಿಲಿನ ಪರದೆಯನ್ನು ನೋಡಿದರು. ಆಮೇಲೆ ಪರದೆ ಸರಿಸಿ, ಒಳಗೆ ಅಡುಗೆ ಮಾಡುತ್ತಿದ್ದ ಹೆಂಡತಿಗೆ ತಮ್ಮ ಮನೆಮಾತಿನಲ್ಲಿ, ಕೂಗಿ ಹೇಳಿದರು: ಆಪಾನ ಆ ಹುಡುಗಿ ಬಂದಿದ್ದಾಳೆ, ಪಾಸಾಗಿದ್ದಾಳಂತೆ. ಓಣಿಗೆಲ್ಲ ಕೇಳುವಷ್ಟು ಜೋರಾಗಿ ಕೂಗಿದರು. ಕೇಳಬೇಕಾದವರು ಒಬ್ಬರು ಮಾತ್ರ ಆ ಮನೆಯಲ್ಲಿ ಇರಲಿಲ್ಲ.